ಹುಣಸೆಹಣ್ಣು ಹಾಕಿ ತಿಕ್ಕಿದ ಹಲಗೆ

ನಮ್ಮ ಮನೆ ಅಂಕೋಲೆಯಲ್ಲಿ. ಹಿತ್ತಲಲ್ಲಿ ಸಿಮೆಂಟ್ ಶೀಟು ಹೊದೆಸಿದ ಒಂದು ಶೆಡ್ಡಿದೆ. ಅದರೊಳಗೆ ನಮ್ಮ ಯಜಮಾನರ ಸಣ್ಣ ಲೇತ್ ಮಷೀನು, ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸು, ಗೋಡೆ ತುಂಬ ಅರಗಳು. ಅವರು ಕೆಲಸಕ್ಕೆ ಕಂಪನಿ ಬಸ್ಸಿನಲ್ಲಿ ಕೈಗಾದ ವಿದ್ಯುತ್ ಸ್ಥಾವರಕ್ಕೆ ಹೋಗುತ್ತಾರೆ. ರಜೆ ಸಿಕ್ಕಿತೆಂದರೆ ಈ ಶೆಡ್ಡಿಗೆ. ಭಾನುವಾರ ಮಧ್ಯಾಹ್ನ ಇನ್ನಿಬ್ಬರು ಬರುತ್ತಾರೆ. ಒಬ್ಬರು ಕದ್ರಾದ ಮಾಮ, ಫಿಟರ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬರು ದೇವಬಾಗದಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವ ಇವರ ಗೆಳೆಯ. ವಾರವಿಡೀ ಮಾಡಿದ್ದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಡುವುದು, ಒಬ್ಬರದ್ದನ್ನು ಒಬ್ಬರು ಹೀಯಾಳಿಸುವುದು, ಹಾಗೇ ಕಲಿಯುವುದು. ಯಾವುದೂ ಮಾರಲಿಕ್ಕಲ್ಲ, ಮನಸ್ಸಿನ ಖುಷಿಗೆ.

ಮೂವರಿಗೂ ಬೇಕಾದ ಒಂದು ವಸ್ತುವನ್ನು ಮಾಡಲು ನಮ್ಮ ಯಜಮಾನರು ಒಪ್ಪಿಕೊಂಡಿದ್ದರು. ಊಟದ ತಟ್ಟೆಯಷ್ಟು ಅಗಲದ, ಚೌಕದ ಬೀಡುಕಬ್ಬಿಣದ ಹಲಗೆ. ಅದರ ಮುಖ ಪೂರ್ತಿ ಸಮ ಇರಬೇಕು. ತಾವು ಮಾಡಿದ ಉಪಕರಣ ನೇರ ಇದೆಯೋ ಇಲ್ಲವೋ ಎಂದು ಅದರ ಮೇಲಿಟ್ಟೇ ನೋಡುವುದು. ಇವರ ಮಷೀನಿನಲ್ಲಿ ಅಷ್ಟು ಸಮ ಬರುವುದಿಲ್ಲವಂತೆ. ಉಳಿಯಂಥ ಒಂದು ಸ್ಕ್ರೇಪರ್ ಹಿಡಿದು ಕೈಯಲ್ಲೇ ಕೆರೆಯಬೇಕು. ಮಳೆಗಾಲವಿಡೀ ಕೆರೆದರು. ನವರಾತ್ರಿಯ ಹೊತ್ತಿಗೆ ಮುಗಿಯಿತು.

ಆಯುಧಪೂಜೆಯ ದಿನವೂ ಮರುದಿನವೂ ಇವರಿಗೆ ಪಾಳಿ ಇತ್ತು. ಶೆಡ್ಡಿನ ಪೂಜೆ ನಾನೇ ಮಾಡಿದೆ. ಹೆಚ್ಚು ಬೆವರು ಸುರಿಸಿದ ವಸ್ತುವಿಗೆ ಹೆಚ್ಚು ಪೂಜೆ ಸಲ್ಲಬೇಕಲ್ಲವೇ? ಹಲಗೆಗೆ ಹಚ್ಚಿದ್ದ ಎಣ್ಣೆಯ ಮೇಲೆ ಗಂಧ ನಿಲ್ಲಲಿಲ್ಲ, ಎಣ್ಣೆ ಒರೆಸಿ ತೆಗೆದೆ. ಗಂಧ, ಕುಂಕುಮ, ಒದ್ದೆ ದಾಸವಾಳ ಇಟ್ಟು, ಹಲಗೆಯ ನಟ್ಟನಡುವೆ ಕೊಯ್ದ ನಿಂಬೆಹೋಳು ಮಗುಚಿಟ್ಟೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಕದಲಿಸುವಂತಿಲ್ಲ. ಬೆಳಿಗ್ಗೆ ಹೂ ತೆಗೆದರೆ ಕೆಂಪು ತುಕ್ಕು, ನಿಂಬೆ ಇದ್ದಲ್ಲಿ ಕಪ್ಪು ಉಂಗುರ.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಹಿತ್ತಾಳೆ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು, ಮರಳು, ತೆಂಗಿನ ನಾರು ಹಿಡಿದು ಕೂತುಬಿಟ್ಟೆ. ಕಲೆ ನಡುವೆ ಇತ್ತು, ಹಾಗಾಗಿ ನಡುವನ್ನೇ ತಿಕ್ಕಿದೆ. ಅಂದು ಸಂಜೆ ಬಸ್ಸಿಳಿದು ಬಂದ ಇವರಿಗೆ ನಾನೇ ತೋರಿಸಿದೆ.

“ನೋಡಿ, ಹೆಂಗೆ ಹೊಳೀತದೆ!”

ಇವರು ಉಕ್ಕಿನ ಪಟ್ಟಿಯೊಂದನ್ನು ಹಲಗೆಯ ಮೇಲೆ ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡಿದರು. ಪಟ್ಟಿಯ ಕೆಳಗೆ, ನಡುವಿನಲ್ಲಿ, ಗೆರೆಯಂತೆ ಬೆಳಕು ಕಾಣಿಸಿತು.

“ನಡು ತಗ್ಗಾಗೋಯ್ತು” ಎಂದರು. ಪಟ್ಟಿಯನ್ನು ಕೆಳಗಿಟ್ಟು, “ದೇವ್ರಿಗೆ ಹೋಯ್ತು ಅಂದ್ಕೊಂಡು ಬಿಡು.”

ಬೈದಿದ್ದರೆ ಸಹಿಸುತ್ತಿದ್ದೆ. ಅವರು ಹಲಗೆಗೆ ಗೋಣಿ ಮುಚ್ಚಿ ಬಾಗಿಲು ಹಾಕಿದರು. ಎರಡು ಭಾನುವಾರ ಗೆಳೆಯರಿಗೂ ಬರಬೇಡಿ ಎಂದರು. ಜಗುಲಿಯಲ್ಲಿ ಕೂತು ಸುಮ್ಮನೆ ಮೊಬೈಲು ತಿಕ್ಕುತ್ತಿದ್ದರು. ಇವರನ್ನು ಮತ್ತೆ ಆ ಶೆಡ್ಡಿಗೆ ಕಳಿಸದೆ ನನಗೆ ಸಮಾಧಾನವಿರಲಿಲ್ಲ. ದೇವರ ಮೇಲೆ ಹಾಕಿ ಕೈತೊಳೆದುಕೊಳ್ಳಲು ಮನಸ್ಸೂ ಬರಲಿಲ್ಲ. ನಿಂಬೆಹೋಳು ಅಲ್ಲೇ ಇಡು ಎಂದು ದೇವರು ಹೇಳಿರಲಿಲ್ಲ. ಕದ್ರಾದ ಮಾಮನಿಗೆ ಫೋನು ಮಾಡಿದೆ.

ಮಾಮ ಸ್ಕೂಟರಿನಲ್ಲಿ ತಮ್ಮ ಕಪ್ಪು ಗ್ರಾನೈಟಿನ ಹಲಗೆಯನ್ನು ಕಂಬಳಿ ಸುತ್ತಿ ತಂದರು. ಕೂದಲಷ್ಟೂ ಏರುಪೇರಿಲ್ಲದ ಕಲ್ಲು ಅದು, ದಿನದ ಕೆಲಸಕ್ಕಲ್ಲ, ಬೇರೆ ಹಲಗೆಗಳನ್ನು ಒತ್ತಿ ನೋಡಲಿಕ್ಕೆ ಮಾತ್ರ. ಅದಕ್ಕೆ ನೀಲಿ ಬಣ್ಣ ತೆಳ್ಳಗೆ ಸವರಿ, ನಮ್ಮ ಹಲಗೆಯನ್ನು ಅದರ ಮೇಲೆ ಮಗುಚಿ, ಮೆಲ್ಲನೆ ಆಡಿಸಿ ಎತ್ತಿದರು. ಅಂಚಿನ ಸುತ್ತ ನೀಲಿ ಹತ್ತಿತ್ತು, ನಡು ಖಾಲಿ.

“ನೀಲಿ ಹತ್ತಿದ್ದು ಎತ್ತರ. ಅದನ್ನಷ್ಟೇ ಕೆರೀಬೇಕು, ಮತ್ತೆ ಒತ್ತಿ ನೋಡ್ಬೇಕು. ಎಲ್ಲಾ ಕಡೆ ನೀಲಿ ಚುಕ್ಕಿ ಬರೂವರೆಗೆ. ಆಗ್ತದಾ ನಿಂಗೆ?”

“ಆಗ್ಲೇಬೇಕು ಮಾಮಾ.”

“ತೆಂಗಿನಕಾಯಿ ಹೆರದ ಹಂಗೆ ಹೆರೀಬೇಡ ತಂಗೀ, ಹೊಂಡ ಬೀಳ್ತದೆ!”

ಮಾಮ ಕಲ್ಲನ್ನೂ ನೀಲಿಯನ್ನೂ ನಮ್ಮಲ್ಲೇ ಬಿಟ್ಟುಹೋದರು. ಊಟದ ಪಾತ್ರೆ ತೊಳೆದ ಮೇಲೆ, ಸಂಜೆ ದೀಪ ಹಚ್ಚುವ ಮೊದಲು, ದಿನವೂ ಎರಡು ತಾಸು ಕೂತೆ. ಮೊದಲ ವಾರ ಭುಜ ಎತ್ತಲು ಆಗಲಿಲ್ಲ. ಬೆರಳ ಸಂದಿನ ನೀಲಿ ಎಷ್ಟು ತೊಳೆದರೂ ಹೋಗದೆ ದೇವರ ಹೂವಿಗೂ ಹತ್ತಿತು. ಆದರೂ ಒಂದು ದಿನವೂ ಕೈ ಕೊಯ್ದುಕೊಳ್ಳಲಿಲ್ಲ, ಅದೊಂದು ಕೃಪೆ. ನಾನು ಕೂರುವ ಹೊತ್ತಿಗೇ ಪಡುವಣ ಕಿಟಕಿಯಿಂದ ಬಿಸಿಲು ಬಂದು ಹಲಗೆಯ ಮೇಲೆ ಬೀಳುತ್ತಿತ್ತು, ಅದಿನ್ನೊಂದು. ಹತ್ತನೆಯ ದಿನ ನಡುವಿನಲ್ಲಿ ಒಂದೇ ಒಂದು ಚುಕ್ಕಿ ಬಂತು, ಸಾಸಿವೆಯಷ್ಟು. ಅದಕ್ಕೆ ಕೈಮುಗಿದೆ. ಆಮೇಲೆ ಮಾಮ ಹೇಳಿದ ನಿಯಮದಂತೆ ಅದನ್ನೂ ಕೆರೆದೆ.

ರಜೆಯ ದಿನ ಜಗುಲಿಯಲ್ಲಿ ಕೂತ ಇವರಿಗೆ ಕೆರೆಯುವ ಶಬ್ದ ಕೇಳುತ್ತಿತ್ತು. ಇವರು ಬರಲಿಲ್ಲ. ನಾನೂ ಕರೆಯಲಿಲ್ಲ.

ತುಳಸಿ ಮದುವೆ ಕಳೆದ ಮೇಲಿನ ಭಾನುವಾರ ಇಬ್ಬರಿಗೂ ನಾನೇ ಹೇಳಿಕಳಿಸಿದೆ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ದೇವಬಾಗದವರು ಬಾಗಿಲಲ್ಲೇ ಛೇಡಿಸಲು ಶುರುಮಾಡಿದರು.

“ವೈನೀ, ಇವತ್ತು ಹಲಗೆಗೆ ಆರತಿ ಇಲ್ಲಾ ಅಲ್ಲಾ?”

“ಹುಣಸೆಹಣ್ಣು ಇನ್ನೂ ಅದೆ. ನಿಮ್ಮ ನಾಲಿಗೆ ತಿಕ್ಲಾ?” ಎಂದೆ.

ಮಾಮ ನೀಲಿ ಸವರಿ, ಒತ್ತಿ, ಎತ್ತಿದರು. ನಡುವೆಲ್ಲ ಚುಕ್ಕಿಗಳು ತುಂಬಿದ್ದವು. ಎಡಗಡೆಯ ಒಂದು ಮೂಲೆ ಮಾತ್ರ ಖಾಲಿ.

“ಸಾಕು ತಂಗೀ. ನಮ್ಮ ಕೆಲ್ಸಕ್ಕೆ ಇದು ಧಾರಾಳ ಆಯ್ತು.”

“ಆ ಮೂಲೆ?”

“ಮೂಲೇಲಿ ಯಾರು ಎಂತ ಇಡ್ತಾರೆ?”

“ಸಾಲೂದಿಲ್ಲ ಮಾಮಾ. ಅವ್ರು ಮಾಡ್ದಾಗ ಮೂಲೇಲೂ ಚುಕ್ಕಿ ಇತ್ತು.”

ಒಂದು ಮೂಲೆ ತಗ್ಗಿದ್ದರೆ ಉಳಿದದ್ದನ್ನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕು. ಇನ್ನೂ ಎರಡು ವಾರದ ಕೆಲಸ. ಗೊತ್ತಿದ್ದೇ ಸೆರಗು ಸಿಕ್ಕಿಸಿ ಸ್ಕ್ರೇಪರಿಗೆ ಕೈ ಚಾಚಿದೆ. ಅದು ಮೇಜಿನ ಮೇಲಿರಲಿಲ್ಲ. ಇವರು ಯಾವಾಗ ಒಳಗೆ ಬಂದಿದ್ದರೋ, ಅದರ ಅಲಗನ್ನು ಉಗುರಿನ ಮೇಲೆ ಆಡಿಸಿ ನೋಡುತ್ತಿದ್ದರು.

“ಇಷ್ಟು ಮೊಂಡಾದ್ರಲ್ಲಿ ಕೆರದ್ಯಾ? ಇವ್ಳಿಗೆ ಒಬ್ರಾದ್ರೂ ಹೇಳೂಕಾಗಿಲ್ವಾ?” ಎಂದು ಗೆಳೆಯರನ್ನೇ ಗದರಿದರು.

ಸಾಣೆಕಲ್ಲಿಗೆ ಎಣ್ಣೆ ಬಿಟ್ಟು ಸ್ಟೂಲಿನ ಮೇಲೆ ಕೂತರು. ನಾವು ಮೂವರೂ ಅವರು ಉಜ್ಜುವುದನ್ನೇ ನೋಡುತ್ತ ನಿಂತೆವು. ಹರಿತವಾದ ಮೇಲೆ ಹಿಡಿಯನ್ನು ನನ್ನ ಕಡೆ ತಿರುಗಿಸಿ ಕೊಟ್ಟರು.

“ನೀನು ಕೆರಿ. ನೀಲಿ ನಾ ಹಚ್ತೆ” ಎಂದರು.