ಎಡಕ್ಕೆ ಬಿದ್ದ ಚುಕ್ಕೆ

ಎಂಬತ್ತರ ದಶಕದ ಮೊದಲ ವರ್ಷಗಳು. ಗುರುಗ್ರಹದ ವಾತಾವರಣದಲ್ಲಿ ಉಲ್ಕೆಯೊಂದು ಉರಿದದ್ದು ಆಕಾಶನೌಕೆಯ ಚಿತ್ರದಲ್ಲಿ ಸಿಕ್ಕಿದೆ ಎಂದು ಓದಿದ ಮೇಲೆ ನಾವಿಬ್ಬರೂ ಅಂಥದ್ದಕ್ಕೇ ಕಾಯತೊಡಗಿದೆವು. ಒಬ್ಬರು ನಿವೃತ್ತ ವಿಜ್ಞಾನದ ಮೇಷ್ಟ್ರು. ಜಯನಗರದ ಆ ತಾರಸಿ ಅವರದು. ಇನ್ನೊಬ್ಬ ನಾನು, ಪುಟ್ಟೇನಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಗುಮಾಸ್ತ.

ನಿಯಮ ಅವರೇ ಮಾಡಿದ್ದು. ನೀರಿನ ತೊಟ್ಟಿಯ ಆಚೆ ಅವರ ದುರ್ಬೀನು, ಈಚೆ ನನ್ನದು. ಮಾತಿಲ್ಲ. ಕಂಡದ್ದನ್ನು ಕಂಡ ಹಾಗೆ ಹಾಳೆಯಲ್ಲಿ ಚಿತ್ರ ಬರೆದು, ಪಕ್ಕದಲ್ಲಿ ಗಂಟೆ ನಮೂದಿಸಿ, ಕೊನೆಗೆ ಹಾಳೆಗಳನ್ನು ಜೋಡಿಸಿ ನೋಡಬೇಕು. ಇಬ್ಬರೂ ಕಂಡಿದ್ದರೆ ಮಾತ್ರ ಕಂಡದ್ದು. ಅವರ ಕತ್ತು ಬಗ್ಗುತ್ತಿರಲಿಲ್ಲವಾಗಿ ಕಣ್ಣಿಡುವ ಕಡೆ ಒಂದು ಕನ್ನಡಿ ಹಾಕಿಕೊಂಡಿದ್ದರು. ಹಾಗಾಗಿ ನನ್ನ ಹಾಳೆಯಲ್ಲಿ ಎಡಕ್ಕಿರುವುದು ಅವರ ಹಾಳೆಯಲ್ಲಿ ಯಾವಾಗಲೂ ಬಲಕ್ಕಿರುತ್ತಿತ್ತು.

ಒಂದು ಸಂಜೆ ಏಳು ನಲವತ್ತಕ್ಕೆ ಗ್ರಹದ ಎಡ ಅಂಚಿನ ಹತ್ತಿರ ಬಿಳಿ ಕಿಡಿಯೊಂದು ಹೊತ್ತಿ ಆರಿತು. ಒಂದು ಸೆಕೆಂಡೂ ಇರಲಿಲ್ಲ. ಚುಕ್ಕೆ ಇಟ್ಟೆ, ಗಂಟೆ ಬರೆದೆ. ಹಾಳೆಯ ಮೇಲೆ ಕಲ್ಲಿಟ್ಟು, ಎಂದಿನಂತೆ ಎಂಟಕ್ಕೆ ಕಾಫಿ ತರಲು ಕೆಳಗಿಳಿದೆ.

ವಾಪಸು ಬಂದಾಗ ಕಲ್ಲು ಹಾಳೆಯ ಇನ್ನೊಂದು ಮೂಲೆಯಲ್ಲಿತ್ತು. ಗಾಳಿಗೆ ಹಾರದಿರಲೆಂದು ಮೇಷ್ಟ್ರು ಸರಿಸಿಟ್ಟಿರಬೇಕು ಅಂದುಕೊಂಡೆ. ಕಾಫಿ ಕುಡಿದು ಹಾಳೆಗಳನ್ನು ಜೋಡಿಸಿದರೆ ಅವರದರಲ್ಲೂ ಚುಕ್ಕೆ. ಅದೇ ಗಂಟೆ.

"ನೋಡಿದ್ಯೇನಯ್ಯ, ಇಬ್ಬರಿಗೂ ಸಿಕ್ತು. ನಾಳೆನೇ ಪತ್ರಿಕೆಗೆ ಕಳ್ಸೋಣ."

ಖುಷಿಗೆ ಮತ್ತೆ ಮತ್ತೆ ನೋಡಿದೆ. ಗ್ರಹದ ಕೆಂಪು ಕಲೆ ನನ್ನದರಲ್ಲಿ ಬಲಕ್ಕೆ, ಅವರದರಲ್ಲಿ ಎಡಕ್ಕೆ. ಅದು ಸರಿ. ಚುಕ್ಕೆ ಮಾತ್ರ ಎರಡರಲ್ಲೂ ಎಡಕ್ಕೆ.

"ಸಾರ್, ಇದು ನಿಮ್ಮದರಲ್ಲಿ ಬಲಕ್ಕೆ ಬರ್ಬೇಕಿತ್ತಲ್ವಾ?"

ಅವರು ಕನ್ನಡಕ ಹಣೆಗೇರಿಸಿ ನೋಡಿದರು. ನಾಚಲಿಲ್ಲ. "ಹೌದಲ್ಲ. ಅವಸರ ನೋಡು, ತಿರುಗಿಸಿ ಹಾಕೋದು ಮರೆತೆ. ನೀನೊಬ್ಬನೇ ಕಂಡೆ ಅಂದ್ರೆ ಯಾರು ನಂಬ್ತಾರೆ? ಕೆಳಗೆ ಮೇಜಿನ ಮೇಲೆ ರಬ್ಬರ್ ಇದೆ, ತಗೊಂಬಾ."

ನಾನು ಹೋದೆ. ಇಳಿದು, ಹುಡುಕಿ, ತಂದೆ. ಕೊನೆಯ ಮೆಟ್ಟಿಲ ಮೇಲೆ ರಬ್ಬರು ಅಂಗೈ ಬೆವರಿಗೆ ಅಂಟಿಕೊಂಡದ್ದು ಗೊತ್ತಾಯಿತು. ಆಗ ಅವರ ಮೇಲೆ ಹುಟ್ಟಿದ ಹೇಸಿಗೆ ಕೆಲವು ವರ್ಷಗಳಲ್ಲಿ ಸವೆಯಿತು. ಹೇಳಿದ ತಕ್ಷಣ ಮೆಟ್ಟಿಲಿಳಿದ ನನ್ನ ಕಾಲುಗಳ ಮೇಲಿನದು ಹಾಗೇ ಇದೆ.

ರಬ್ಬರನ್ನು ತೊಟ್ಟಿಯ ಮೇಲಿಟ್ಟು ನನ್ನ ಹಾಳೆ ಮಡಿಸಿಕೊಂಡೆ.

"ಕಳ್ಸೋದು ಬೇಡ ಸಾರ್."

"ಹುಚ್ಚಪ್ಪ, ನಿಂದು ನಿಜ ತಾನೇ?"

"ನಿಜಾನೇ ಸಾರ್."

ನಿಯಮದ ಪ್ರಕಾರ ಅದು ಕಂಡದ್ದಲ್ಲ. ಎಲ್ಲಿಗೂ ಬರೆಯಲಿಲ್ಲ. ಆಮೇಲೆ ಅಂಥದ್ದು ನನಗೆ ಕಾಣಲೂ ಇಲ್ಲ.