ಮೂರನೇ ಮಹಡಿಯ ಬಚ್ಚಲ ಬಾಗಿಲು

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಬಿಟಿಎಂ ಲೇಔಟ್‌ನ ಮಹಿಳಾ ಪಿ.ಜಿ.ಯೊಂದರ ಮೂರನೇ ಮಹಡಿಯಲ್ಲಿ ಭಾಗ್ಯಜ್ಯೋತಿ ಬಚ್ಚಲ ಬಾಗಿಲು ಬಡಿಯುತ್ತಿದ್ದಾರೆ. ಒಳಗೆ ನೀರು ಸುರಿಯುವ ಸದ್ದಿದೆ, ಉತ್ತರವಿಲ್ಲ. ಪಕ್ಕದ ಬಚ್ಚಲನ್ನು ಅವರು ಈಗಷ್ಟೇ ನೋಡಿ ಬಂದಿದ್ದಾರೆ. ಅಲ್ಲಿ ಗೋಡೆಗೆ ಗ್ಯಾಸ್ ಗೀಸರ್ ಇದೆ, ಇದ್ದ ಒಂದೇ ಕಿಟಕಿಗೂ ಪ್ಲೈವುಡ್ ಹೊಡೆದಿದ್ದಾರೆ. ಗಾಳಿಯಾಡದ ಕಡೆ ಗೀಸರ್ ಉರಿದರೆ ವಾಸನೆಯೇ ಇಲ್ಲದ ವಿಷಾನಿಲ ತುಂಬಿಕೊಳ್ಳುತ್ತದೆ.

"ಸರ್, ಒಳಗ ಇದ್ದಾಕಿ ಮಾತಾಡವಲ್ಲಳ್ರಿ!"

ಅವರಿಗೆ ತರಬೇತಿ ಕೊಡುತ್ತಿರುವ ಹಿರಿಯ ನಿರೀಕ್ಷಕ ಮರುಳಸಿದ್ದಪ್ಪ ಮೆಟ್ಟಿಲೇರಿ ಬರುವಷ್ಟರಲ್ಲಿ ಭಾಗ್ಯಜ್ಯೋತಿ ಬಾಗಿಲಿಗೆ ಒದ್ದಾಗಿದೆ. ಮೂರನೇ ಏಟಿಗೆ ಚಿಲಕ ಕಿತ್ತು ಬರುತ್ತದೆ. ಮೊದಲು ಗ್ಯಾಸ್ ಬಂದ್. ಆಮೇಲೆ ನೆಲಕ್ಕೆ ಕುಸಿದಿದ್ದ ಹುಡುಗಿಗೆ ಟವೆಲ್ ಸುತ್ತಿ, ರಟ್ಟೆ ಹಿಡಿದು ಬಾಲ್ಕನಿಗೆ ಎಳೆತರುತ್ತಾರೆ. ಜಯನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅರ್ಪಿತ ಆಕೆ. ಆಂಬುಲೆನ್ಸ್ ಬರುವ ಹೊತ್ತಿಗೆ ಕಣ್ಣು ಬಿಡುತ್ತಾಳೆ.

ಇಪ್ಪತ್ತಾರರ ಭಾಗ್ಯಜ್ಯೋತಿ ರೋಣ ತಾಲ್ಲೂಕಿನ ಹಳ್ಳಿಯವರು. ಬಾಡಿಗೆ ವಸತಿಗಳ ಗಾಳಿ, ಬೆಳಕು, ನೀರು, ಬೆಂಕಿಯ ಸುರಕ್ಷತೆ ಪರೀಕ್ಷಿಸುವ ಕೆಲಸಕ್ಕೆ ಆರು ತಿಂಗಳ ತರಬೇತಿಯಲ್ಲಿದ್ದಾರೆ. ಇದು ಐದನೇ ತಿಂಗಳು. ದಿನಕ್ಕೆ ನಾಲ್ಕು ಕಟ್ಟಡ, ಬೆಳಿಗ್ಗೆ ಐದೂವರೆಯಿಂದ ಶುರು. ಜನ ಸ್ನಾನಕ್ಕೆ, ತಿಂಡಿಗೆ ಸರತಿ ನಿಲ್ಲುವ ಹೊತ್ತಿನಲ್ಲೇ ಕಟ್ಟಡದ ನಿಜ ತಿಳಿಯುವುದಂತೆ.

ಈ ಕೆಲಸಕ್ಕೆ ಬರುವ ಮುಂಚೆ ಅವರೂ ಇದೇ ಊರಿನ ಇನ್ನೊಂದು ಪಿ.ಜಿ.ಯಲ್ಲಿ ಏಳು ಜನರ ರೂಮಿನಲ್ಲಿದ್ದವರು. ಅಡುಗೆಮನೆಯಲ್ಲಿ ಮೋರಿ ನೀರು ಉಕ್ಕುತ್ತಿದೆ ಎಂದು ದೂರಿದ ದಿನವೇ ಅವರ ಪೆಟ್ಟಿಗೆ ಗೇಟಿನ ಹೊರಗಿತ್ತು. "ಸಂಜಿತನಕ ಬಸ್‌ಸ್ಟಾಪಿನ್ಯಾಗ ಕುಂತಿದ್ದೆ. ಯಾರಿಗೆ ಹೇಳಬೇಕು ಅನ್ನೂದ ಗೊತ್ತಿರಲಿಲ್ರಿ," ಎನ್ನುತ್ತಾರೆ. ಈಗ ಕತ್ರಿಗುಪ್ಪೆಯಲ್ಲಿ ಒಂಟಿ ಕೋಣೆ ಸಿಕ್ಕಿದೆ. ಅದಕ್ಕೂ ಮೊದಲು ಮೂವರು ಮಾಲೀಕರು ಇವರ ಕೆಲಸ ಕೇಳಿಯೇ ಮನೆ ಇಲ್ಲವೆಂದಿದ್ದರು.

ಈ ಪಿ.ಜಿ.ಯ ಮಾಲೀಕ ಶಿವರಾಮ್ ಏದುಸಿರು ಬಿಡುತ್ತಾ ಬರುತ್ತಾರೆ. "ಮೇಡಂ, ಹುಡುಗಿ ಹಸ್ಕೊಂಡಿದ್ಲು, ತಲೆ ಸುತ್ತಿದೆ ಅಷ್ಟೆ. ನೀವಿನ್ನೂ ಟ್ರೈನಿಂಗಲ್ಲಿರೋರು, ಯಾಕೆ ಸುಮ್ನೆ ರಿಪೋರ್ಟು ಗಿಪೋರ್ಟು?"

ಭಾಗ್ಯಜ್ಯೋತಿ ಮರುಳಸಿದ್ದಪ್ಪನವರ ಮುಖ ನೋಡುತ್ತಾರೆ. "ಕಂಡಿದ್ದು ನೀನು. ನೀನೇ ಬರಿಯಮ್ಮ, ಕೆಳಗೆ ನಾನೂ ಸೈನ್ ಹಾಕ್ತೀನಿ," ಎನ್ನುತ್ತಾರೆ ಅವರು.

ಪೆನ್ನು ಹಿಡಿದು ಲೆಕ್ಕ ಹಾಕುತ್ತಾರೆ. ಇಡೀ ಕಟ್ಟಡಕ್ಕೆ ಬೀಗ ಹಾಕಿ ಎಂದು ಬರೆದರೆ ಅರವತ್ತೆರಡು ಹೆಣ್ಣುಮಕ್ಕಳು ಇವತ್ತೇ ಬೀದಿಗೆ ಬೀಳುತ್ತಾರೆ. ಕೊನೆಗೆ ಬರೆಯುತ್ತಾರೆ: ಕಟ್ಟಡದ ಒಂಬತ್ತೂ ಬಚ್ಚಲು ಬಂದ್, ಸಂಜೆಯೊಳಗೆ ಗ್ಯಾಸ್ ಗೀಸರ್ ಹೊರಗೆ, ಕಿಟಕಿ ತೆರೆಯುವವರೆಗೆ ಸ್ನಾನಕ್ಕೆ ಮಾಲೀಕರ ಮನೆ. ಶಿವರಾಮ್ ಕಾಗದವನ್ನು ಎರಡು ಸಲ ಓದಿ ರುಜು ಹಾಕುತ್ತಾರೆ. "ಆಫೀಸಿಗೆ ಲೇಟಾಯ್ತು, ಬಿಸಿನೀರೂ ಹೋಯ್ತು," ಎಂದು ಹುಡುಗಿಯೊಬ್ಬಳು ರೇಗಿದ್ದು ಭಾಗ್ಯಜ್ಯೋತಿಯ ಮೇಲೆಯೇ.

ಮಾರನೆಯ ದಿನ ಮತ್ತೆ ಅದೇ ಮೆಟ್ಟಿಲು. ಒಂಬತ್ತು ಕಿಟಕಿಗಳೂ ತೆರೆದಿವೆ. ಅರ್ಪಿತ ಆಸ್ಪತ್ರೆಯಿಂದ ವಾಪಸ್ ಬಂದಿದ್ದಾಳೆ.

ಮುಂದಿನ ತಿಂಗಳು ಭಾಗ್ಯಜ್ಯೋತಿಗೆ ಪರೀಕ್ಷೆ. ಪಾಸಾದರೆ ಅವ್ವ ಯಲ್ಲವ್ವನನ್ನು ಕರೆತಂದು ಒಂದು ದಿನ ತಪಾಸಣೆಗೆ ಜೊತೆಯಲ್ಲಿ ಸುತ್ತಾಡಿಸಬೇಕೆಂಬ ಆಸೆ ಅವರದು.

"ಮಂದಿ ಮನಿ ಬಚ್ಚಲಾ ನೋಡಾಕ ಇಷ್ಟ್ ಓದಬೇಕೇನ ಅಂತ ಕೇಳತಾಳ್ರಿ ಆಕಿ. ಹೌದವ್ವಾ, ಓದಬೇಕು ಅಂತೀನಿ."