ಸೇತುವೆ ಮನೆಯ ಗರಗಸದ ಚಕ್ರ

ನನ್ನ ಗಂಡ ಆರಿನ್ ಸತ್ತಾಗ ಊರಿನ ಪೇಪರಿನಲ್ಲಿ ಹಾಕಿದ್ದರು: ಮರದ ಮಿಲ್ಲಿನಲ್ಲಿ ಕೆಲಸ ಮಾಡಿದ, ಆಮೇಲೆ ಗಾಂಜಾ ಬೆಳೆದ, ಅದರ ಲೈಸೆನ್ಸ್ ಕಳೆದುಕೊಂಡ. ಅವನು ಏನನ್ನೂ ಕಳೆದುಕೊಳ್ಳುವವನಲ್ಲ. ಹಳೆಯ ಮೊಳೆಯನ್ನೂ ನೆಟ್ಟಗೆ ಮಾಡಿ ಡಬ್ಬದಲ್ಲಿ ಇಡುತ್ತಿದ್ದ. ಲೈಸೆನ್ಸ್ ಕಿತ್ತುಕೊಂಡರು. ಯಾಕೆ ಅಂತ ಪೇಪರಿನವರು ಬರೆಯಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾವಿರುವುದು ಕ್ಯಾಲಿಫೋರ್ನಿಯಾದ ಉತ್ತರದ ಗುಡ್ಡದಲ್ಲಿ. ಗುಡ್ಡಕ್ಕೆ ಒಂದೇ ಮಣ್ಣಿನ ರಸ್ತೆ. ಕೆಳಗೆ ಹೊಳೆ, ಹೊಳೆಗೆ ಸೇತುವೆ, ಸೇತುವೆ ದಾಟಿದರೆ ಮೊದಲ ಮನೆ ನಮ್ಮದು. ಮಿಲ್ಲು ಮುಚ್ಚಿದ ದಿನ ಆರಿನ್ ಅಲ್ಲಿಂದ ಒಂದು ಗರಗಸದ ಚಕ್ರ ತಂದ. ಲಾರಿಯ ಗಾಲಿಗಿಂತ ಅಗಲ, ಹಲ್ಲು ಸವೆದದ್ದು. ಓಕ್ ಮರದ ಕೊಂಬೆಗೆ ಸರಪಳಿ ಹಾಕಿ ತೂಗುಬಿಟ್ಟ.

ಮಿಲ್ಲು ಹೋದ ಮೇಲೆ ಗುಡ್ಡದಲ್ಲಿ ಎಲ್ಲರೂ ಗಾಂಜಾ ಬೆಳೆದರು. ಬೇರೆ ಏನಿತ್ತು? ಪೊಲೀಸರು ಬರುವುದಾದರೆ ಸೇತುವೆ ದಾಟಿಯೇ ಬರಬೇಕು. ಜೀಪುಗಳ ಸಾಲು ಕಂಡರೆ ಆರಿನ್ ಸುತ್ತಿಗೆ ತಗೊಂಡು ಚಕ್ರಕ್ಕೆ ಬಡಿಯುತ್ತಿದ್ದ. ಮೇಲಿನ ಮನೆಯವರು ಕೇಳಿಸಿಕೊಂಡು ತಮ್ಮದನ್ನು ಬಡಿಯುತ್ತಿದ್ದರು. ಒಬ್ಬರದು ರೈಲು ಕಂಬಿಯ ತುಂಡು, ಒಬ್ಬರದು ಖಾಲಿ ಗ್ಯಾಸ್ ಸಿಲಿಂಡರ್. ಸದ್ದು ಮನೆಯಿಂದ ಮನೆಗೆ ಏರಿ ನೆತ್ತಿಯಲ್ಲಿದ್ದ ಓಪಲ್ ಮುದುಕಿಯ ಮನೆ ಮುಟ್ಟುವಾಗ ಜೀಪು ಇನ್ನೂ ಅರ್ಧ ದಾರಿಯಲ್ಲಿ ಕೆಸರು ಹಾರಿಸುತ್ತಿರುತ್ತಿತ್ತು.

ಯಾರ ಮನೆಗೆ ಬಂದಿದ್ದಾರೆ ಅಂತ ಕೇಳುವ ಹಾಗಿಲ್ಲ. ಸೇತುವೆ ಮನೆಯವನು ಬಡಿಯಬೇಕು, ಅಷ್ಟೇ. ಉಪಕಾರ ಅಂತ ಯಾರೂ ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಚಳಿಗಾಲದಲ್ಲಿ ನಮ್ಮ ಬಾಗಿಲಿಗೆ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನು ಯಾರೋ ನೇತುಹಾಕಿ ಹೋಗಿರುತ್ತಿದ್ದರು. ಯಾರು ಅಂತ ನಾವೂ ಕೇಳುತ್ತಿರಲಿಲ್ಲ.

ನಮ್ಮ ಮೇಲಿನ ಮನೆ ಡೆಲ್ಬರ್ಟ್‌ನದು. ಒಂದು ಸಲ ಮಗುವಿನ ಕೋಣೆಯ ತುಂಬ ಮಾಲು ಒಣಗಲು ಹಾಕಿದ್ದಾಗ ಚಕ್ರದ ಸದ್ದು ಕೇಳಿ, ಹೆಂಡತಿಯನ್ನೂ ಮಗುವನ್ನೂ ಎಳೆದುಕೊಂಡು ಕಾಡಿಗೆ ಓಡಿದ. ಸಂಜೆಯವರೆಗೆ ರೆಡ್‌ವುಡ್ ಮರದ ಪೊಟರೆಯಲ್ಲಿ ಕೂತಿದ್ದ. ಗಡ್ಡದ ತುಂಬ ಪಾಚಿ ಹಚ್ಚಿಕೊಂಡು ನಮ್ಮ ಅಂಗಳಕ್ಕೆ ಬಂದು ಆರಿನ್‌ಗೆ ಹೇಳಿದ, "ನಿನ್ನ ಮುಖ ನೋಡಿದರೆ ಊಟ ಸೇರಲ್ಲ ಕಣೋ, ಆದರೆ ನಿನ್ನ ಸುತ್ತಿಗೆ ಸದ್ದು ದೇವರ ಸದ್ದು." ಅವತ್ತು ಅವನು ಅತ್ತಿದ್ದ. ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ರಾಜ್ಯದವರು ಓಟು ಹಾಕಿಸಿ ಗಾಂಜಾವನ್ನು ಕಾನೂನುಬದ್ಧ ಮಾಡಿದರು. ಕೇಂದ್ರದವರು ಒಪ್ಪಲಿಲ್ಲ. ಅದೇ ಗಿಡ ಇವರಿಗೆ ಬೆಳೆ, ಅವರಿಗೆ ಅಪರಾಧ. ಲೈಸೆನ್ಸ್ ಇದ್ದವರನ್ನೂ ಬ್ಯಾಂಕಿನವರು ಕೇಂದ್ರಕ್ಕೆ ಹೆದರಿ ಬಾಗಿಲಲ್ಲೇ ನಿಲ್ಲಿಸಿದರು. ಲೈಸೆನ್ಸ್ ಕೊಡುವವರು ಬಂದು ಕೆರೆ ಅಳೆದರು, ರಸ್ತೆ ಅಳೆದರು, ಹೊಳೆಯ ಮೀನು ನೋಡಿದರು. ಅವರು ಹೇಳಿದ್ದನ್ನೆಲ್ಲ ಆರಿನ್ ಮಾಡಿ ಲೈಸೆನ್ಸ್ ಪಡೆದ. ಡೆಲ್ಬರ್ಟ್‌ಗೂ ಸಿಕ್ಕಿತು. ಓಪಲ್‌ಗೆ ಸಿಗಲಿಲ್ಲ. ಅವಳ ತೊರೆಯಲ್ಲಿ ಮೀನಿನ ಮರಿ ಇವೆ, ನೀರು ಮುಟ್ಟಬಾರದು ಅಂದರಂತೆ. ಅವಳು ಮುಂಚಿನ ಹಾಗೇ ಬೇಲಿ ಸಾಲಿನಲ್ಲಿ ಒಂದಿಷ್ಟು ಗಿಡ ಹಾಕಿಕೊಂಡಿದ್ದಳು.

ಡೆಲ್ಬರ್ಟ್ ಲೈಸೆನ್ಸ್‌ನವರ ಸಂಘಕ್ಕೆ ಅಧ್ಯಕ್ಷನಾದ. ರಸ್ತೆಯ ಬದಿ ಅಂಗಡಿ ತೆರೆದ. ಪಟ್ಟಣದಿಂದ ಬಂದವರು ಅಲ್ಲಿ ಕೂತು ಸೇದಿ, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಸಂಘದ ಮೀಟಿಂಗಿನಲ್ಲಿ ಅವನು ಎದ್ದು ನಿಂತ.

"ಆರಿನ್, ಆ ತಗಡು ಇಳಿಸಪ್ಪ. ನಾವೀಗ ಕಳ್ಳರಲ್ಲ."

"ಓಪಲ್ ಗತಿ?" ಅಂತ ಆರಿನ್ ಕೇಳಿದ.

"ಕದ್ದು ಬೆಳೆಯೋರಿಂದಲೇ ನಮ್ಮ ಮಾಲಿನ ಬೆಲೆ ಬಿದ್ದಿರೋದು."

"ನೀನು ಮೊನ್ನೆ ತನಕ ಏನು ದೇವಸ್ಥಾನದಲ್ಲಿ ಬೆಳೀತಿದ್ದೆಯಾ?"

ಒಬ್ಬಿಬ್ಬರು ನಕ್ಕರು. ಡೆಲ್ಬರ್ಟ್ ನಗಲಿಲ್ಲ. ಚಕ್ರ ಬಡಿದರೆ ಅದು ಪೊಲೀಸರಿಗೆ ಅಡ್ಡಿ, ಅಡ್ಡಿ ಮಾಡಿದವನ ಲೈಸೆನ್ಸ್ ಹೋಗುತ್ತದೆ ಅಂತ ಎಲ್ಲರೆದುರು ಹೇಳಿದ. ಮೇಲಿನವರೆಲ್ಲ ಒಬ್ಬೊಬ್ಬರಾಗಿ ತಮ್ಮ ಕಂಬಿ, ಸಿಲಿಂಡರ್ ಇಳಿಸಿದರು. ಇಳಿಸಿದೆವು ಅಂತ ನಮಗೆ ಹೇಳಲಿಲ್ಲ. ಹೇಳಲು ಮುಖ ಎಲ್ಲಿತ್ತು?

ಬೇಸಗೆಯ ಕೊನೆಗೆ ಜೀಪುಗಳು ಬಂದವು. ಆರಿನ್ ಬೀನ್ಸ್ ಸಾರಿಗೆ ಜೋಳದ ಬ್ರೆಡ್ಡು ಅದ್ದುತ್ತಿದ್ದ. ಗುಡ್ಡದಲ್ಲಿ ಲೈಸೆನ್ಸ್ ಇಲ್ಲದವಳು ಓಪಲ್ ಒಬ್ಬಳೇ. ಅವನು ಎದ್ದ. ಲೈಸೆನ್ಸ್ ಹೋಗುತ್ತೆ, ಹೊಟ್ಟೆಗೆ ಏನು ಮಾಡೋಣ ಅಂದೆ.

"ಯಾರಿಗೆ ಅಂತ ನೋಡಿ ಬಡಿಯೋದಾದ್ರೆ ಅದನ್ನ ಯಾಕೆ ತೂಗುಹಾಕ್ಬೇಕಿತ್ತು?" ಅಂದ. ಹೊರಗೆ ಹೋಗಿ ಬಡಿದ.

ಬಡಿದು ನಿಂತು ಕಿವಿಗೊಟ್ಟ. ಮೇಲಿನಿಂದ ಸದ್ದಿಲ್ಲ. ಮತ್ತೆ ಬಡಿದ. ಸುತ್ತಿಗೆಯ ಮರದ ಕಾವು ಮುರಿಯುವವರೆಗೆ ಬಡಿದ. ಡೆಲ್ಬರ್ಟ್ ತನ್ನ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ಕೆಳಗೆ ನಮ್ಮನ್ನು ನೋಡಿದ, ಒಂದು ಗುಟುಕು ಕುಡಿದ, ಒಳಗೆ ಹೋದ.

ಓಪಲ್ ಮನೆಗೆ ಸದ್ದು ಮುಟ್ಟಲೇ ಇಲ್ಲ. ಅವಳನ್ನು ಹವಾಯಿ ಚಪ್ಪಲಿಯಲ್ಲೇ, ಕೈಗೆ ಬೇಡಿ ಹಾಕಿ ಇಳಿಸಿಕೊಂಡು ಬಂದರು. ಮಂಡಿ ನೋವಿನ ಮುದುಕಿ. ಜೀಪು ನಮ್ಮ ಮನೆ ದಾಟುವಾಗ ಕಿಟಕಿಯಿಂದ ಚಕ್ರವನ್ನು ನೋಡಿದಳು. ಬಡಿಯಲಿಲ್ಲವಲ್ಲ ಅಂದುಕೊಂಡಿರಬೇಕು. ಆ ನೋಟ ಆರಿನ್‌ನನ್ನು ಸಾಯುವ ತನಕ ಬಿಡಲಿಲ್ಲ. ಅವಳು ಜಾಮೀನಿನ ಮೇಲೆ ಬಂದ ದಿನವೇ ಹೋಗಿ ಮುರಿದ ಕಾವು ತೋರಿಸಿ ಬಂದ.

ಲೈಸೆನ್ಸ್ ಕೊಡುವವರು ಆರಿನ್‌ನನ್ನು ವಿಚಾರಣೆಗೆ ಕರೆದರು. ಕರಡಿ ಓಡಿಸಲು ಬಡಿದೆ ಅಂತ ಹೇಳಿಬಿಡು, ಸಾಕು ಅಂತ ವಕೀಲ ಕಲಿಸಿದ್ದ. ಆರಿನ್ ವಿರುದ್ಧ ಸಾಕ್ಷಿ ಹೇಳಲು ಡೆಲ್ಬರ್ಟ್ ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಆ ಗಡ್ಡವನ್ನೂ ಬೋಳಿಸಿದ್ದ. ಆರಿನ್ ಅವನನ್ನೇ ನೋಡುತ್ತ ಹೇಳಿದ, "ಓಪಲ್‌ಗೆ ಕೇಳಲಿ ಅಂತ ಬಡಿದೆ. ಇವನಿಗೂ ಹಾಗೇ ಬಡಿದಿದ್ದೆ."

ಲೈಸೆನ್ಸ್ ಹೋಯಿತು. ಇನ್ನೇನು ಕೊಯ್ಯಬೇಕು ಅನ್ನುವ ಬೆಳೆಯನ್ನು ಅವನ ಕೈಯಿಂದಲೇ ಕಡಿಸಿದರು. ಅಧಿಕಾರಿ ಕುರ್ಚಿ ಹಾಕಿಕೊಂಡು ಕೂತು ನೋಡಿದ. ಕಡಿದದ್ದನ್ನು ಮಣ್ಣಿಗೆ ಬೆರೆಸಬೇಕಂತೆ. ಹಿಂದೆ ಕಳ್ಳರು ಅಂದಾಗಲೂ ಕಡಿಯುತ್ತಿದ್ದರು, ಆದರೆ ಪೊಲೀಸರೇ ಬೆವರು ಸುರಿಸುತ್ತಿದ್ದರು. ಕಾನೂನು ಬಂದ ಮೇಲೆ ಆ ಕೆಲಸವನ್ನೂ ನಮಗೇ ಬಿಟ್ಟರು.

ಆ ಚಳಿಗಾಲ ಬಾಗಿಲಿಗೆ ಮೀನು ಬರಲಿಲ್ಲ. ಒಂದು ದಿನ ಆರಿನ್ ಸೌದೆ ಶೆಡ್ಡಿನಲ್ಲಿ ಬಿದ್ದಿದ್ದ. ನಾನು ಕರೆಯಲು ಹೋದಾಗ ಕೈ ತಣ್ಣಗಾಗಿತ್ತು. ಎದೆ ನಿಂತಿತು ಅಂದರು ಡಾಕ್ಟರು.

ಮಣ್ಣು ಮಾಡಿದ ಮರುದಿನ ಡೆಲ್ಬರ್ಟ್ ಬಂದ. ಕೈಯಲ್ಲಿ ಚೀಸ್ ಹಾಕಿದ ಮ್ಯಾಕರೋನಿ ತಟ್ಟೆ. ಆರಿನ್ ದೊಡ್ಡ ಮನುಷ್ಯ, ಹಳೆಯ ಕಾಲದ ಮನುಷ್ಯ ಅಂತೆಲ್ಲ ಹೇಳಿದ. ಕಣ್ಣು ಮಾತ್ರ ಓಕ್ ಮರದ ಕಡೆಗಿತ್ತು.

"ಆ ಚಕ್ರ ನಂಗೆ ಕೊಡ್ತೀಯೇನಮ್ಮ? ಅಂಗಡಿ ಗೋಡೆಗೆ ಹಾಕ್ತೀನಿ. ಕೆಳಗೆ ಆರಿನ್ ಹೆಸರು ಬರೆಸ್ತೀನಿ. ಜನಕ್ಕೆ ನಮ್ಮ ಹಳೇ ಕಾಲ ಗೊತ್ತಾಗ್ಲಿ."

ಒಳಗೆ ಹೋಗಿ, ಹೊಸ ಕಾವು ಹಾಕಿದ್ದ ಸುತ್ತಿಗೆ ತಂದು ಅವನ ಕೈಗೆ ಕೊಟ್ಟೆ.

"ಒಂದು ಸಲ ಬಡಿ. ಬಡಿದು ತಗೊಂಡು ಹೋಗು."

ಸುತ್ತಿಗೆ ಹಿಡಿದು ಮರದ ಕೆಳಗೆ ಹೋದ. ಮೇಲೆ ರಸ್ತೆ ನೋಡಿದ. ಕೆಳಗೆ ಸೇತುವೆ ನೋಡಿದ.

"ಯಾರಾದ್ರೂ ಕೇಳಿಸ್ಕೊಂಡ್ರೆ ನನ್ನ ಲೈಸೆನ್ಸ್..." ಅಂದ.

"ಕೇಳಿಸ್ಲಿ ಅಂತಲೇ ಅಲ್ವೇನೋ ಅದು ಇರೋದು."

ಸುತ್ತಿಗೆಯನ್ನು ಮೆಟ್ಟಿಲ ಮೇಲೆ ಮೆಲ್ಲಗೆ, ಸದ್ದಾಗದ ಹಾಗೆ ಇಟ್ಟು ಹೋದ.

ಅವನ ಮ್ಯಾಕರೋನಿಯನ್ನು ನಾಯಿಗೆ ಹಾಕಲೂ ಮನಸ್ಸಾಗಲಿಲ್ಲ. ಗುಂಡಿ ತೋಡಿ ಮಣ್ಣಿಗೆ ಬೆರೆಸಿದೆ. ಚಕ್ರ ಮರದಲ್ಲೇ ಇದೆ. ಹೋದ ವಾರ ಓಪಲ್ ಕುಂಟುತ್ತ ಬಂದು ಅದರ ಸರಪಳಿಗೆ ಎಣ್ಣೆ ಹಾಕಿ ಹೋದಳು. ಸುತ್ತಿಗೆ ನನ್ನ ಬಾಗಿಲ ಹಿಂದೆ ಇದೆ.